ಮೋಡದಮ್ಮನ ಜಾಕು

ನನ್ನ ನಾದಿನಿ ಹಳೆಯ ಹಾಸಿಗೆಗಳ ಹತ್ತಿ ಹಿಂಜುವವಳು. ಮೂವತ್ತೊಂದು ವರ್ಷದಿಂದ ಅದೇ ಕೆಲಸ. ಹಿಂಜುವ ಯಂತ್ರವನ್ನು ಎರಡು ಗಾಲಿಯ ಟ್ರೇಲರ್ ಮೇಲೆ ಕೂರಿಸಿದ್ದಾಳೆ. ಅದನ್ನು ಸಣ್ಣ ಗೂಡ್ಸ್ ಗಾಡಿಯ ಹಿಂದೆ ಸಿಕ್ಕಿಸಿಕೊಂಡು ಬೀದಿಬೀದಿಗೆ ತಾನೇ ಓಡಿಸಿಕೊಂಡು ಹೋಗುತ್ತಾಳೆ. ನಾನು ಪಕ್ಕದಲ್ಲಿ ಕೂತಿರುತ್ತೇನೆ. ಹಾಸಿಗೆಯ ಹೊಲಿಗೆ ಬಿಚ್ಚುವುದು, ಮತ್ತೆ ಹೊಲಿಯುವುದು ನನ್ನ ಕೆಲಸ.

ಗಂಟುಗಂಟಾಗಿ ಕಲ್ಲಿನಂತಾದ ಹತ್ತಿಯನ್ನು ಯಂತ್ರದ ಒಂದು ಬಾಯಿಗೆ ಹಾಕಿದರೆ ಇನ್ನೊಂದು ಬಾಯಿಂದ ಅದು ಉಬ್ಬಿಕೊಂಡು ಬರುತ್ತದೆ. ಬಿಸಿಲಿರುವ ದಿನ ಅದರ ಎಳೆಗಳು ಬೀದಿಯ ತುಂಬ ತೇಲುತ್ತವೆ, ಕೆಳಗಿಳಿಯಲು ಮನಸ್ಸಿಲ್ಲದವರಂತೆ. ಸಂಜೆ ಮನೆಗೆ ಬರುವಾಗ ನಾದಿನಿಯ ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲ ಬೆಳ್ಳಗಾಗಿರುತ್ತದೆ. ಬೀದಿಯವರು ಅವಳನ್ನು ಮೋಡದಮ್ಮ ಎಂದೇ ಕರೆಯುವುದು.

ಹತ್ತಿ ಮುಟ್ಟಿ ನೋಡಿ ಮಲಗುವವರ ಸಂಗತಿ ಹೇಳುತ್ತಾಳೆ ಅವಳು. "ನೋಡಿ ಅತ್ತಿಗೆ, ಇವರು ಗೋಡೆ ಕಡೆ ಒತ್ತಿಕೊಂಡು ಮಲಗೋರು. ಈ ಕಡೆ ಯಾರೋ ಇದ್ರು, ಈಗ ಇಲ್ಲ." ಅವಳು ತೋರಿಸಿದ ಕಡೆ ಹತ್ತಿ ಹೊಸದರಂತೆ ಮೆತ್ತಗಿರುತ್ತದೆ. ಆ ಮನೆಯವರನ್ನು ನಾವು ಏನೂ ಕೇಳುವುದಿಲ್ಲ.

ಗಾಡಿಗೆ ಸಿಕ್ಕಿಸುವ ಟ್ರೇಲರ್‌ನ ಮೂತಿಯಲ್ಲಿ ಒಂದು ಜಾಕು ಇದೆ. ಕೊಳವೆಯೊಳಗೊಂದು ಕೊಳವೆ, ಬುಡದಲ್ಲಿ ಪಾದ, ತಲೆಯಲ್ಲಿ ಹಿಡಿ. ಹಿಡಿ ತಿರುಗಿಸಿದರೆ ಪಾದ ನೆಲಕ್ಕೆ ಊರಿ ಮೂತಿಯನ್ನು ಎತ್ತುತ್ತದೆ, ಟ್ರೇಲರ್ ಗಾಡಿಯಿಂದ ಬಿಡಿಸಿಕೊಳ್ಳುತ್ತದೆ. ಆಮೇಲೆ ಅದನ್ನು ಸಮಕ್ಕೆ ತರಬೇಕು. ಯಂತ್ರ ಒಂದು ಬೆರಳಿನಷ್ಟು ವಾಲಿದರೂ ಬೆಲ್ಟು ಚಕ್ರದಿಂದ ಜಾರುತ್ತದೆ. ಎತ್ತಲು ಮೂವತ್ತನಾಲ್ಕು ಸುತ್ತು, ಇಳಿಸಲು ಮೂವತ್ತನಾಲ್ಕು. ದಿನಕ್ಕೆ ನಾಲ್ಕು ಕಡೆ ನಿಂತರೆ ಎಂಟು ಸಲ ತಿರುಗಿಸಬೇಕು.

ಕಳೆದ ಚಳಿಗಾಲ ಅವಳು ಬಚ್ಚಲಲ್ಲಿ ಜಾರಿ ಬಿದ್ದು ಬಲ ಮಣಿಕಟ್ಟು ಮುರಿಯಿತು. ಕೂಡಿಕೊಂಡಿತು, ಆದರೆ ಸೊಟ್ಟಗೆ. ಎಡಗೈಯಲ್ಲಿ ತಿರುಗಿಸಿದರೆ ಹತ್ತನೇ ಸುತ್ತಿಗೇ ಭುಜ ಸೋಲುತ್ತಿತ್ತು. ನನ್ನದು ಕೇಳುವುದೇ ಬೇಡ, ಆ ಹಿಡಿಗೆ ನಾನು ನೇತಾಡಿದರೂ ಅದು ಅಲುಗುವುದಿಲ್ಲ. ದಾರಿಯಲ್ಲಿ ಹೋಗುವವರನ್ನು ಕೂಗಿ ಕರೆದು ಎತ್ತಿಸಿಕೊಳ್ಳುವುದಾಯಿತು. ಕೆಲವರು ಬಂದರು, ಕೆಲವರು ಕೇಳಿಸದವರಂತೆ ಹೋದರು.

ಅವಳ ಅಳಿಯನಿಗೆ ಹಾಸಿಗೆ ಅಂಗಡಿ ಇದೆ. ಒಳ್ಳೆಯ ಮನುಷ್ಯ. ಒಂದು ದಿನ ಬಂದು ಮೆಟ್ಟಿಲ ಮೇಲೆ ಕೂತ.

"ಅತ್ತೆ, ಮೆಷಿನ್ ನಮ್ಮ ಅಂಗಡಿ ಹಿಂದಿನ ಶೆಡ್ಡಿಗೆ ತಂದುಬಿಡಿ. ನೆಲಕ್ಕೆ ಬೋಲ್ಟ್ ಹಾಕಿ ಕೂರಿಸ್ತೀನಿ. ನೆರಳಲ್ಲಿ ಕೂತು ಕೆಲಸ ಮಾಡಿ. ಹಾಸಿಗೆ ತಾವಾಗೇ ನಿಮ್ಮ ಹತ್ರ ಬರ್ತಾವೆ."

"ಹಾಸಿಗೆ ಬರ್ತಾವೆ ಅಳಿಯಂದ್ರೇ, ಬೀದಿ ಬರುತ್ತಾ?"

"ಬೀದಿ ಇಟ್ಕೊಂಡು ಏನ್ ಮಾಡ್ತೀರಿ? ಕೈ ನೋಡ್ಕೊಳಿ ಮೊದಲು."

ನಾದಿನಿ ಕೈ ನೋಡಿಕೊಳ್ಳಲಿಲ್ಲ. ಆ ಶೆಡ್ಡನ್ನು ನಾನು ನೋಡಿದ್ದೇನೆ. ಮೂರು ಗೋಡೆ, ಎದುರಿಗೆ ಇನ್ನೊಂದು ಕಟ್ಟಡದ ಬೆನ್ನು. ಕೊನೆಗೆ ಅವಳು ಹೇಳಿದಳು, "ಭಾನುವಾರದವರೆಗೆ ಬಿಡಿ. ನಾನು, ನಮ್ಮತ್ತಿಗೆ, ಯಾರನ್ನೂ ಕರೀದೆ ಎತ್ತಿ ಇಳಿಸಿ ತೋರಿಸ್ತೀವಿ. ಆಗ್ಲಿಲ್ಲ ಅಂದ್ರೆ ಸ್ಪ್ಯಾನರ್ ತಂದು ನೀವೇ ಬಿಚ್ಕೊಂಡು ಹೋಗಿ."

ಮಾತು ಕೊಟ್ಟದ್ದು ಅವಳು, ನಿದ್ದೆ ಹೋದದ್ದು ನನಗೆ.

ಮರುದಿನ ಲೇತ್ ಅಂಗಡಿಯ ಮೇಸ್ತ್ರಿಯ ಬಳಿ ಹೋದೆವು. ಅವರು ಜಾಕಿನ ಹಿಡಿಯ ಬೋಲ್ಟು ಬಿಚ್ಚಿ, ಅದರಡಿಯ ಬರೀ ಕಂಬಿಯನ್ನು ಬೆರಳಲ್ಲಿ ತಟ್ಟಿ ನೋಡಿದರು. "ಇದನ್ನ ಕೈಯಲ್ಲೇ ತಿರುಗಿಸ್ಬೇಕು ಅಂತ ಎಲ್ಲಿ ಬರೆದಿದೆ? ಬ್ಯಾಟರಿ ಡ್ರಿಲ್ ಕೈಲಿ ತಿರುಗ್ಸಿ." ಉಕ್ಕಿನದೊಂದು ಸಣ್ಣ ಟೊಪ್ಪಿ ಕಡೆದುಕೊಟ್ಟರು. ಒಳಗೆ ದುಂಡು, ಹೊರಗೆ ಆರು ಮೂಲೆ. ಕಂಬಿಗೆ ತೊಡಿಸಿ, ಹಿಡಿಯ ಬೋಲ್ಟಿದ್ದ ತೂತಿನಲ್ಲೇ ಪಿನ್ನು ತೂರಿಸಿದರೆ ಆಯಿತು. ಆರು ಮೂಲೆಯ ಮೇಲೆ ಡ್ರಿಲ್ಲಿನ ಸಾಕೆಟ್ ಕೂರುತ್ತದೆ. ತಮ್ಮ ಒಂದು ಹಳೆಯ ಡ್ರಿಲ್ಲನ್ನೂ ಕೊಟ್ಟರು. ಅದಕ್ಕೆ ಅವರ ಮನೆಯ ಮೂರು ಹಾಸಿಗೆ ಹಿಂಜಿಕೊಡುವುದೆಂದು ಮಾತಾಯಿತು.

"ಡ್ರಿಲ್ ಮೇಲಿನ ಗುಂಡಿ ಒಂದರಲ್ಲೇ ಇರ್ಲಿ ಮೋಡದಮ್ಮ. ಎರಡಕ್ಕೆ ಹಾಕಿದ್ರೆ ಓಟ ಜಾಸ್ತಿ, ಬಲ ಕಮ್ಮಿ."

"ನಿಮ್ಮ ಥರ ಅನ್ನಿ," ಎಂದಳು ನಾದಿನಿ. ಮೇಸ್ತ್ರಿ ನಕ್ಕು ಕೆಮ್ಮಿದರು.

ಶನಿವಾರ ಬೆಳಿಗ್ಗೆ ಮನೆಯ ಮುಂದೆ ಸಾಕೆಟ್ ಕೂರಿಸಿ ಗುಂಡಿ ಒತ್ತಿದಳು. ಜಾಕು ತಿರುಗಿತು. ಮೂತಿ ಗಾಡಿಯ ಕೊಂಡಿ ಬಿಟ್ಟು ಏಳತೊಡಗಿತು, ಯಾರೋ ನಿದ್ದೆಯಿಂದ ಮೆಲ್ಲಗೆ ತಲೆ ಎತ್ತುವಂತೆ. ಅಷ್ಟರಲ್ಲಿ ಗರ್ ಎಂದು ಸದ್ದಾಗಿ ಜಾಕು ನಿಂತುಬಿಟ್ಟಿತು. ಡ್ರಿಲ್ ನಿಲ್ಲಲಿಲ್ಲ. ತಾನೇ ಗಿರ್ರನೆ ತಿರುಗಿ ಅವಳ ಎಡ ಮಣಿಕಟ್ಟಿಗೆ ಬಡಿಯಿತು. ಇದ್ದದ್ದೊಂದು ಒಳ್ಳೆಯ ಕೈ.

ಕೈ ಮುರಿದಿರಲಿಲ್ಲ, ಊದಿತ್ತು. ಅವಳು ಮೆಟ್ಟಿಲ ಮೇಲೆ ಕೂತು ಬೀದಿಯ ಕಡೆ ನೋಡುತ್ತಿದ್ದಳು.

"ಬಿಡಿ ಅತ್ತಿಗೆ. ಶೆಡ್ಡಲ್ಲಿ ಫ್ಯಾನ್ ಇದೆಯಂತೆ."

ನಾನು ಜಾಕಿನ ಪಕ್ಕ ಮಣೆ ಹಾಕಿಕೊಂಡು ಕೂತೆ. ಕಂಬಿ ಕೊಳವೆಯೊಳಗೆ ಇಳಿಯುವ ಕಡೆ ಬೆಳ್ಳಗೆ ಏನೋ ಕಂಡಿತು. ಹತ್ತಿ! ನಾದಿನಿಯ ಅಭ್ಯಾಸ ಅದು. ಎಲ್ಲಿ ಸಂದು ಕಂಡರೂ ಹತ್ತಿ ತುರುಕುತ್ತಾಳೆ. ಕಿಟಕಿಗೆ, ಬಾಗಿಲಿಗೆ, ಗಾಡಿಯ ಕನ್ನಡಿಗೆ, ತನ್ನ ಕಿವಿಗೆ. ಜಾಕಿನ ಕುತ್ತಿಗೆಗೂ ಧೂಳು ಹೋಗಬಾರದೆಂದು ವರ್ಷವರ್ಷವೂ ತುರುಕುತ್ತ ಬಂದಿದ್ದಳು. ಕೈಯಲ್ಲಿ ಮೆಲ್ಲಗೆ ತಿರುಗಿಸುವಾಗ ಅದು ಸುಮ್ಮನೆ ಕೂತಿತ್ತು. ಡ್ರಿಲ್ ತಿರುಗಿದೊಡನೆ ಕಂಬಿಗೆ ಸುತ್ತಿಕೊಂಡು, ಹುರಿಯಾಗಿ, ಒಳಗಿಳಿದು ಬಿಗಿದಿತ್ತು.

ಹಾಸಿಗೆ ಹೊಲಿಯುವ ದೊಡ್ಡ ಸೂಜಿಯ ತುದಿಯಲ್ಲಿ ಒಂದೊಂದೇ ಎಳೆ ಎಬ್ಬಿಸಿದೆ. ಎಳೆದರೆ ತುಂಡಾಗುತ್ತದೆ, ಸುತ್ತಿಕೊಂಡ ದಿಕ್ಕಿಗೆ ಎದುರಾಗಿ ಬಿಡಿಸಬೇಕು. ಗ್ರೀಸು ಕುಡಿದು ಕಪ್ಪಾದ ಹುರಿ ಗೇಣುಗೇಣಾಗಿ ಬಂತು. ಮಧ್ಯಾಹ್ನದ ಬಿಸಿಲು ಹೋಗಿ ಗೋಡೆಯ ನೆರಳು ನನ್ನ ಮಡಿಲಿಗೆ ಬರುವವರೆಗೆ ಕೂತಿದ್ದೆ. ಅಳೆದು ನೋಡಿದರೆ ನಾಲ್ಕೂವರೆ ಮೊಳ.

ಅವಳು ಪಕ್ಕಕ್ಕೆ ಬಂದು ಅದನ್ನು ಬೆರಳಿಗೆ ಸುತ್ತಿಕೊಂಡಳು. "ನನ್ನ ಕೈಗೆ ನಾನೇ ಹೊಂಚು ಹಾಕಿ ಕೂತಿದ್ನಲ್ಲ ಅತ್ತಿಗೆ!" ಎಂದು ನಗತೊಡಗಿದಳು. ನನಗೂ ನಗು ಬಂತು. ಸೂಜಿ ಕೈಯಿಂದ ಬಿತ್ತು.

ಹತ್ತಿಯ ಜಾಗಕ್ಕೆ ಹಳೆಯ ಟೈರ್ ಟ್ಯೂಬಿನಿಂದ ಒಂದು ಬಿಲ್ಲೆ ಕತ್ತರಿಸಿ ಕಂಬಿಗೆ ತೊಡಿಸಿದೆವು. ಆಮೇಲೆ ಡ್ರಿಲ್ಲಿನ ಪಕ್ಕದ ಹಿಡಿಯನ್ನು ಎಲ್ಲಿ ಆನಿಸಬೇಕೆಂದು ಹುಡುಕಿದೆವು. ಟ್ರೇಲರ್‌ನ ಮೂತಿಯ ಕಬ್ಬಿಣದ ಪಟ್ಟಿಗೆ ಅದು ತಾಗುವಂತೆ ಹಿಡಿದರೆ ಡ್ರಿಲ್ ಒದ್ದರೂ ಪಟ್ಟಿಗೆ ಒದೆಯುತ್ತದೆ, ಕೈಗಲ್ಲ. ಎತ್ತುವಾಗ ಎಡಕ್ಕೆ ಆನಿಸಬೇಕು, ಇಳಿಸುವಾಗ ಬಲಕ್ಕೆ.

ಭಾನುವಾರ ಅಳಿಯ ಬಂದ. ಕೈಯಲ್ಲಿ ಸ್ಪ್ಯಾನರ್ ಇತ್ತು. ಅವಳ ಊದಿದ ಕೈ ನೋಡಿ ಏನೋ ಹೇಳಹೊರಟ.

"ಆಮೇಲೆ ಹೇಳಿ," ಎಂದಳು ನಾದಿನಿ.

ನಾನು ಸಾಕೆಟ್ ಕೂರಿಸಿದೆ. ಅವಳು ಡ್ರಿಲ್ಲಿನ ಹಿಡಿಯನ್ನು ಪಟ್ಟಿಗೆ ಆನಿಸಿ ಗುಂಡಿ ಒತ್ತಿದಳು. ಮೂವತ್ತನಾಲ್ಕು ಸುತ್ತನ್ನು ನನಗೆ ಎಣಿಸಲಾಗಲಿಲ್ಲ. ಅವಳು ಎರಡು ಉಸಿರು ಎಳೆದು ಬಿಡುವಷ್ಟರಲ್ಲಿ ಟ್ರೇಲರ್‌ನ ಮೂತಿ ಗಾಡಿಯಿಂದ ಬಿಡಿಸಿಕೊಂಡು ಗಾಳಿಯಲ್ಲಿ ಎದ್ದು ನಿಂತಿತ್ತು. ಕೊನೆಗೆ ಮೆಲ್ಲಗೆ ಅಷ್ಟಷ್ಟೇ ಒತ್ತಿ ಸಮಕ್ಕೆ ತಂದಳು. ಯಂತ್ರ ಹಾಕಿದಳು. ಬೆಲ್ಟು ಚಕ್ರದ ನಡುವೆಯೇ ಓಡಿತು.

"ಇಳಿಸಿ," ಎಂದ ಅಳಿಯ. ಇಳಿಸಿದಳು. "ಇನ್ನೊಂದ್ಸಲ." ಇನ್ನೊಂದು ಸಲವೂ ಆಯಿತು. ಅವನು ಬಗ್ಗಿ ಡ್ರಿಲ್ ನೋಡಿದ, ಟೊಪ್ಪಿ ನೋಡಿದ, ಕೊನೆಗೆ ಸ್ಪ್ಯಾನರನ್ನು ಬೆನ್ನ ಹಿಂದೆ ಹಿಡಿದುಕೊಂಡ. "ಒಂದೇ ಬ್ಯಾಟರಿ ಸಾಲಲ್ಲ ಅತ್ತೆ. ಇನ್ನೊಂದು ನಾನು ತರ್ತೀನಿ."

ಸೋಮವಾರ ಮೊದಲ ಮನೆಯ ಮುಂದೆ ಟ್ರೇಲರ್ ಎತ್ತಿ ನಿಲ್ಲಿಸಿದಳು. ನಾನು ಹಾಸಿಗೆಯ ಒಂದು ಅಂಚು ಬಿಚ್ಚಿಯೂ ಆಯಿತು. ಯಂತ್ರದ ಸದ್ದೇ ಇಲ್ಲ. ತಿರುಗಿ ನೋಡಿದರೆ ಟ್ರೇಲರ್‌ನ ಮೂತಿಯ ಮೇಲೆ ಕೂತು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಬೀದಿಯ ಆ ತುದಿಯವರೆಗೆ ನೋಡುತ್ತಿದ್ದಾಳೆ.

"ಏನೇ, ಕೈ ನೋಯ್ತಿದೆಯಾ?"

"ಇಲ್ಲ ಸುಮ್ನಿರಿ ಅತ್ತಿಗೆ. ತಿರುಗಿಸೋ ಹೊತ್ತು ಉಳೀತಲ್ಲ, ಅದನ್ನ ಕೂತು ಕಳೀತಿದೀನಿ."