ಅಕ್ಕನ ಜೇನು, ನನ್ನ ಕುಂಬಳ

ಅಕ್ಕ ಖಾಲಿಯಾದ ಜೇನುಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು "ನನ್ನಿಂದ್ಲೇ ಇಂಗಾಯ್ತು" ಎಂದಾಗ, ಅಲ್ಲ ಎನ್ನಬೇಕಾದವಳು ನಾನೊಬ್ಬಳೇ ಇದ್ದೆ. ಅನ್ನಲಿಲ್ಲ. "ಇರಬೌದು ಕಣಕ್ಕ" ಎಂದೆ. ಆಮೇಲೆ ಐದು ವರ್ಷ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ನಾವಿಬ್ಬರೂ ಅರಕಲಗೂಡು ಕಡೆಯವರು. ಒಂದೇ ಮನೆಯ ಅಣ್ಣತಮ್ಮಂದಿರನ್ನು ಮದುವೆಯಾಗಿ ಮೊಸಳೆ ಎಂಬ ಊರಿನ ಹತ್ತಿರದ ಈ ಹಳ್ಳಿಗೆ ಬಂದೆವು. ಮನೆ ಪಾಲಾದ ಮೇಲೂ ನಮ್ಮ ಹೊಲಗಳ ನಡುವೆ ಒಂದು ಬದುವಷ್ಟೇ ಇದೆ. ಆ ಕಡೆ ಅಕ್ಕ, ಈ ಕಡೆ ನಾನು. ನನ್ನನ್ನು ಎತ್ತಿಕೊಂಡು ಆಡಿಸಲು ಜನ ಬೇಕೆಂದು ಅಕ್ಕನನ್ನು ಮೂರನೇ ಕ್ಲಾಸಿಗೆ ಬಿಡಿಸಿದರು. ನಾನು ಆರನೆಯದರವರೆಗೆ ಹೋದೆ. ಈ ಮೂರು ಕ್ಲಾಸಿನ ಹೆಚ್ಚುಗಾರಿಕೆ ನನ್ನ ತಲೆಯಲ್ಲಿ ಬಹಳ ದಿನ ಇತ್ತು.

ನಮ್ಮ ಕಡೆ ಮೆಣಸಿನ ಪೈರಾಗಲಿ, ಶುಂಠಿಯಾಗಲಿ, ಮೊದಲನೆಯದನ್ನು ಕೈಗುಣ ಇದ್ದವರಿಂದ ನೆಡಿಸುತ್ತಾರೆ. ನಮ್ಮೂರಿಗೆಲ್ಲ ಅದು ಅಕ್ಕನ ಕೈ. ಹೊತ್ತು ಮೂಡುವ ಮುಂಚೆ ಯಾರಾದರೂ ಬಂದು ಕರೆಯುತ್ತಿದ್ದರು. ಅವಳು ಒದ್ದೆ ತಲೆಗೆ ಟವೆಲು ಸುತ್ತಿಕೊಂಡೇ ಹೋಗಿ ಒಂದು ಪೈರು ನೆಟ್ಟು, ಅವರ ಮನೆಯಲ್ಲಿ ಕಾಫಿ ಕುಡಿದು ಬರುತ್ತಿದ್ದಳು. ಶಾಂತಿಗ್ರಾಮದ ನಮ್ಮ ಸೋದರತ್ತೆಯಂತೂ ಅವರೆ ಹಾಕುವಾಗಲೂ ಫೋನು ಮಾಡಿ ಕರೆಸಿಕೊಳ್ಳುತ್ತಿದ್ದಳು. "ಬತ್ತಾಳೆ, ಬಸ್ ಚಾರ್ಜಿಗಿಂತ ಜಾಸ್ತಿ ಉಪ್ಪಿಟ್ಟು ತಿಂತಾಳೆ" ಎಂದು ಅತ್ತೆ ಛೇಡಿಸುವುದು, "ಬೆಳೆ ಬರ್ಲಿ, ಆಮೇಲ್ ಮಾತಾಡು" ಎಂದು ಅಕ್ಕ ತಟ್ಟೆ ಮುಂದಕ್ಕೆ ತಳ್ಳುವುದು.

ಆ ಕೈಗೆ ಜೇನೂ ಒಲಿದಿತ್ತು. ಹೊಂಗೆಮರದ ಪೊಟರೆಯಲ್ಲಿದ್ದ ತುಡುವೆ ಜೇನನ್ನು ಅಕ್ಕ ತಾನೇ ಪೆಟ್ಟಿಗೆಗೆ ಇಳಿಸಿ, ಅವಳ ಹಿತ್ತಲಿನ ನುಗ್ಗೆಮರದ ಕೆಳಗೆ ಒಂದು ಸ್ಟ್ಯಾಂಡಿನ ಮೇಲೆ ಇಟ್ಟಿದ್ದಳು. ಇರುವೆ ಹತ್ತಬಾರದೆಂದು ಸ್ಟ್ಯಾಂಡಿನ ನಾಲ್ಕು ಕಾಲನ್ನೂ ನೀರು ತುಂಬಿದ ಕರಟಗಳಲ್ಲಿ ನಿಲ್ಲಿಸಿದ್ದಳು. ಬೆಳಿಗ್ಗೆ ಹಾಲು ಕರೆದು ಡೇರಿಗೆ ಕೊಟ್ಟು ಬಂದು ಇಬ್ಬರೂ ಅಲ್ಲಿ ಕಾಫಿ ಲೋಟ ಹಿಡಿದು ಕೂರುತ್ತಿದ್ದೆವು. ಹುಳುಗಳು ಕಾಲಿಗೆ ಹೂಪುಡಿ ಮೆತ್ತಿಕೊಂಡು ಬಂದು ಇಳಿಯುತ್ತಿದ್ದವು. ಅಕ್ಕ ಪುಡಿಯ ಬಣ್ಣ ನೋಡಿಯೇ ಯಾವುದು ಎಲ್ಲಿಗೆ ಹೋಗಿ ಬಂತೆಂದು ಹೇಳುತ್ತಿದ್ದಳು. ಮೈಯೆಲ್ಲ ಅರಿಶಿನ ಬಳಿದುಕೊಂಡು ಬಂದದ್ದನ್ನು ತೋರಿಸಿ, "ನೋಡೆ, ಇವ್ಳು ನಿನ್ ಕುಂಬ್ಳದ ಹೂವಿಂದ ಬಂದ್ಲು, ಮದ್ವಣಗಿತ್ತಿ ತರ" ಎನ್ನುತ್ತಿದ್ದಳು. ಆ ಬೆಳಗುಗಳು ನನಗೆ ಈಗಲೂ ಬೇಕು. ಅಕ್ಕನ ಭುಜಕ್ಕೆ ಭುಜ ತಾಗಿಸಿಕೊಂಡು ಏನೂ ಮಾಡದೆ ಕೂತಿದ್ದ ಹೊತ್ತು ಅದೊಂದೇ.

ಆ ವರ್ಷ ನನ್ನ ಕುಂಬಳ ಕಾಯಿ ಕಚ್ಚಲಿಲ್ಲ. ಹೆಣ್ಣುಹೂವಿನ ಹಿಂದೆ ನಿಂಬೆಗಾತ್ರದ ಹೀಚು ಇರುತ್ತದೆ. ಗಂಡುಹೂವಿನ ಪುಡಿ ತಾಗದಿದ್ದರೆ ಅದು ಹಳದಿಯಾಗಿ, ಮೆತ್ತಗಾಗಿ ಉದುರುತ್ತದೆ. ದಿನಾ ಉದುರಿದ್ದನ್ನು ಆಯ್ದು ಹಸುವಿನ ಮುಂದೆ ಹಾಕುತ್ತಿದ್ದೆ. ಬದುವಿನ ಆ ಕಡೆ ಅಕ್ಕನ ಹುಚ್ಚೆಳ್ಳು ಹೊಲ ಪೂರ್ತಿ ಹೂವಾಗಿತ್ತು. ಜೇನೆಲ್ಲ ಅಲ್ಲೇ.

"ಅಕ್ಕ, ಪೆಟ್ಗೆನ ಒಂದ್ ವಾರ ನನ್ ವಲದಲ್ಲಿ ಇಡಾನ" ಎಂದು ಕೇಳಿದೆ.

"ಇಡಾನ. ಆದ್ರೆ ಮೊದ್ಲು ಅರಕಲಗೂಡಿಗೆ ಕಳುಸ್ಬೇಕು."

"ಈ ಬದುವಿಂದ ಆ ಬದುವಿಗೆ ಬರಕ್ಕೆ ಅರಕಲಗೂಡು ಸುತ್ಕಂಡು ಬರ್ಬೇಕಾ? ಯಾವ್ ಬಸ್ಸಿಗೆ ಅತ್ತುಸ್ತೀಯ ಅವುನ್ನ?"

"ನಗ್ಬ್ಯಾಡ ಕಣೆ. ಅತ್ರದಲ್ಲೇ ಜಾಗ ಬದ್ಲಾಯ್ಸಿದ್ರೆ ಅವು ಅಳೇ ಜಾಗುಕ್ಕೇ ವಾಪಸ್ ಬತ್ತವೆ. ದೂರ ಓಗಿ ಇಪ್ಪತ್ ದಿನ ಇದ್ರೆ ಮರೀತವೆ, ಆಮೇಲೆ ನಿನ್ ವಲದಲ್ಲಿ ಇಡ್ಬೌದು. ಇಲ್ದಿದ್ರೆ ಉಚ್ಚೆಳ್ಳು ಮುಗಿಯಗಂಟ ತಡಿ, ತಾವಾಗೇ ನಿನ್ ತಾವ್ಕೆ ಬತ್ತವೆ."

"ಅಷ್ಟೊತ್ಗೆ ನನ್ ಕುಂಬ್ಳನೂ ಮುಗ್ದಿರ್ತದೆ."

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಕೊಡಲು ಮನಸ್ಸಿಲ್ಲ, ಅದಕ್ಕೇ ಕತೆ ಕಟ್ಟುತ್ತಾಳೆ ಎಂದುಕೊಂಡೆ. ಮೂರನೇ ಕ್ಲಾಸಿಗೆ ಬಿಟ್ಟವಳು ಇದನ್ನೆಲ್ಲ ಎಲ್ಲಿ ಕಲಿತಳು ಎಂದೂ ಅಂದುಕೊಂಡೆ.

ಆ ವಾರವೇ ಅಕ್ಕ, ಭಾವ ಚನ್ನರಾಯಪಟ್ಟಣಕ್ಕೆ ಒಂದು ಗೃಹಪ್ರವೇಶಕ್ಕೆ ಹೋದರು. ಎರಡು ರಾತ್ರಿ ಅಲ್ಲೇ. ಹಸು ನೋಡಿಕೊಳ್ಳಲು ನನಗೆ ಹೇಳಿದ್ದರು. ಅವರು ಹೋದ ದಿನ ಹೊತ್ತು ಮುಳುಗಿ ಹುಳುಗಳು ಒಳಸೇರಿದ ಮೇಲೆ, ಅಕ್ಕ ಮಾಡುವುದನ್ನು ನೋಡಿದ್ದ ಹಾಗೆಯೇ ಪೆಟ್ಟಿಗೆಯ ಬಾಯಿಗೆ ಹುಲ್ಲು ತುರುಕಿ ಎತ್ತಿದೆ. ಜೇನುತುಪ್ಪ ತುಂಬಿ ಭಾರವಾಗಿತ್ತು. ಬದು ದಾಟಿ ನನ್ನ ಹೊಲದಲ್ಲಿ ನಾಲ್ಕು ಇಟ್ಟಿಗೆ ಜೋಡಿಸಿ ಇಟ್ಟೆ.

ಬೆಳಿಗ್ಗೆ ಹುಲ್ಲು ತೆಗೆದೆ. ಜೇನು ಬಂದವು. ಕುಂಬಳದ ಹೂವಿನೊಳಗೆ ತಲೆ ಕೆಳಗಾಗಿ ಇಳಿದು, ಹಳದಿ ಹಳದಿಯಾಗಿ ಎದ್ದು, ಪಕ್ಕದ ಹೂವಿಗೆ ಹೋದವು. ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದೆ. ನನ್ನಷ್ಟು ಜಾಣೆ ಯಾರೂ ಇಲ್ಲ ಎನ್ನಿಸಿತು. ಹತ್ತು ಗಂಟೆಗೆ ಹೂವೆಲ್ಲ ಮುದುಡಿಕೊಂಡ ಮೇಲೆ, ಸೊಪ್ಪಿಗೆಂದು ಅಕ್ಕನ ನುಗ್ಗೆಮರದ ಹತ್ತಿರ ಹೋದೆ.

ಅಲ್ಲಿ ಜೇನು ಇದ್ದವು. ಪೆಟ್ಟಿಗೆ ಇಲ್ಲದ ಬರೀ ಗಾಳಿಯಲ್ಲಿ, ಪೆಟ್ಟಿಗೆ ಇದ್ದಷ್ಟೇ ಜಾಗದಲ್ಲಿ ಸುತ್ತುತ್ತಿದ್ದವು. ಬಾಗಿಲು ಇದ್ದ ಎತ್ತರಕ್ಕೇ ಬಂದು, ಇಳಿಯಲು ಏನೂ ಸಿಗದೆ ಹಿಂದಕ್ಕೆ ಹೋಗಿ, ಮತ್ತೆ ಅಲ್ಲಿಗೇ ಬರುತ್ತಿದ್ದವು. ಸುಸ್ತಾದವು ಖಾಲಿ ಸ್ಟ್ಯಾಂಡಿನ ಹಲಗೆಗೆ ಒಂದರ ಮೇಲೊಂದು ಅಂಟಿಕೊಂಡಿದ್ದವು. ಕಾಲಿನ ಹೂಪುಡಿ ಹಾಗೇ ಇತ್ತು.

ಓಡಿಹೋಗಿ, ಆ ಬಿಸಿಲಿನಲ್ಲಿಯೇ, ಪೆಟ್ಟಿಗೆಯ ಬಾಯಿ ಕೂಡ ಮುಚ್ಚದೆ ಅದನ್ನು ಎತ್ತಿಕೊಂಡು ಬಂದೆ. ಮುಖಕ್ಕೆ, ಕತ್ತಿಗೆ ಕಚ್ಚಿದವು. ಬದುವಿನ ಮೇಲೆ ಎಡವಿದೆ. ಪೆಟ್ಟಿಗೆಯೊಳಗೆ ಏನೋ ಕಳಚಿ ಬಿದ್ದ ಸದ್ದಾಯಿತು. ಸ್ಟ್ಯಾಂಡಿನ ಮೇಲೆ ಇಡುವ ಆತುರದಲ್ಲಿ ಎರಡು ಕರಟಗಳನ್ನು ಒದ್ದೆ. ನೀರು ಚೆಲ್ಲಿತು. ತಿರುಗಿ ತುಂಬಿಸಲು ಹೊಳೆಯಲಿಲ್ಲ, ಓಡಿದೆ. ಸಂಜೆಗೆ ಇರುವೆ ಸಾಲು ಹತ್ತಿತ್ತು. ಮಾರನೆಯ ಬೆಳಿಗ್ಗೆ ಉಳಿದ ಜೇನು ಗುಂಪಾಗಿ ಎದ್ದು ಹುಣಿಸೆಮರದ ಮೇಲಿನಿಂದ ಹೊರಟುಹೋದವು. ನಾನು ನೋಡುತ್ತ ನಿಂತಿದ್ದೆ.

ಅಕ್ಕ ಸಂಜೆ ಬಂದು ಮುಚ್ಚಳ ತೆಗೆದಳು. ಮೇಣದ ಎರಿಗಳು ಕುಸಿದು, ಹುಳುಗಳು ತುಪ್ಪದಲ್ಲಿ ಮುಳುಗಿ ಸತ್ತಿದ್ದವು. ಆಮೇಲೆ ಒಣಗಿದ ಕರಟ ಮುಟ್ಟಿ, "ನೀರು ಉಯ್ಯದು ಮರ್ತ್ನೇನೋ. ತುಪ್ಪ ಆಗ್ಲೇ ತೆಗೀಬೇಕಿತ್ತು, ಇನ್ನೊಂದ್ ಸ್ವಲ್ಪ ಆಗ್ಲಿ ಅಂತ ಆಸೆ ಬಿದ್ದೆ. ಭಾರುಕ್ಕೆ ಕುಸ್ದದೆ. ನನ್ನಿಂದ್ಲೇ ಇಂಗಾಯ್ತು" ಎಂದಳು. ನನ್ನ ಊದಿದ ಮುಖ ನೋಡಿ, "ನಿಂಗೂ ಕಚ್ದವಾ? ಪಾಪ, ರೊಚ್ಚಿಗೆದ್ದಿರ್ತವೆ" ಎಂದು ಸುಣ್ಣ ಹಚ್ಚಿದಳು.

ಆಗ ನಾನು "ಇರಬೌದು ಕಣಕ್ಕ" ಎಂದದ್ದು.

ಆ ಒಂದು ಬೆಳಿಗ್ಗೆಯ ಹೂವುಗಳು ಕಾಯಿ ಕಚ್ಚಿದವು. ಎಲ್ಲಾ ಒಂದೇ ದಿನ ಹುಟ್ಟಿದ ಮಕ್ಕಳ ಹಾಗೆ ಒಂದೇ ಸಮ ದಪ್ಪವಾದವು. ಒಂದನ್ನು ಅಕ್ಕನಿಗೆ ಕೊಟ್ಟೆ. ಅವಳು ಪಲ್ಯ ಮಾಡಿ ಒಂದು ಬಟ್ಟಲು ತಂದುಕೊಟ್ಟಳು. ತಿಂದೆ. ಗಂಟಲಲ್ಲಿ ಇಳಿಯಿತು ಎನ್ನುವುದೇ ನನಗೆ ನಾಚಿಕೆ.

ಪೆಟ್ಟಿಗೆಯಲ್ಲಿ ಅವಳು ಬೆಳ್ಳುಳ್ಳಿ ತುಂಬಿ ಅಟ್ಟಕ್ಕೆ ಹಾಕಿದಳು. ಆ ಸಲ ಮೆಣಸಿನ ಪೈರು ನೆಡಲು ಕರೆಯಲು ಬಂದವರಿಗೆ, "ನನ್ ಕೈ ಬ್ಯಾಡ ಕಣವ್ವ, ಕೆಟ್ಟದೆ" ಎಂದಳು. ಮೊದಮೊದಲು ಜನ ನಕ್ಕರು, ಬಲವಂತ ಮಾಡಿದರು. ಆಮೇಲೆ ಕರೆಯುವುದನ್ನೇ ಬಿಟ್ಟರು. ಶಾಂತಿಗ್ರಾಮದ ಅತ್ತೆಯ ಫೋನೂ ನಿಂತಿತು. ಅಕ್ಕ ತನ್ನ ಹೊಲದ ಮೊದಲ ಬೀಜವನ್ನು ಕೂಡ ಭಾವನ ಕೈಲಿ ಹಾಕಿಸಿ, ತಾನು ಬದುವಿನ ಮೇಲೆ ನಿಂತು ನೋಡುತ್ತಿದ್ದಳು. ನಾನು ಕಂಡ ಅಕ್ಕ ಅವಳಲ್ಲ. ನುಗ್ಗೆಮರದ ಕೆಳಗೆ ಕೂರುತ್ತಿದ್ದವಳನ್ನು ನಾನು ಬದುವಿನ ಈ ಕಡೆಯಿಂದ ಹುಡುಕುತ್ತಿದ್ದೆ.

ಅಲ್ಲಿಂದ ಈಚೆಗೆ ಕುಂಬಳ ಹಾಕಿದಾಗಲೆಲ್ಲ ಜೇನಿನ ಕೆಲಸವನ್ನು ನಾನೇ ಮಾಡಿದೆ. ಬೆಳಕು ಹರಿಯುತ್ತಲೇ ಗಂಡುಹೂವು ಕಿತ್ತು, ಎಸಳು ಬಿಡಿಸಿ, ಹೆಣ್ಣುಹೂವಿನೊಳಗೆ ಸವರಬೇಕು. ಒಂದೊಂದಕ್ಕೂ ಬಗ್ಗಬೇಕು. ಬದುವಿನ ಆ ಕಡೆ ಅಕ್ಕ ಕೊಟ್ಟಿಗೆ ಗುಡಿಸುವ ಸದ್ದು ಕೇಳುತ್ತದೆ. ಕಾಫಿಗೆ ಬಾರೆ ಎಂದು ಅವಳು ಕರೆಯುವುದಿಲ್ಲ. ನಾನೂ ಹೋಗಲಿಲ್ಲ.

ಹೋದ ತಿಂಗಳು ನಮ್ಮ ಸ್ವಸಹಾಯ ಸಂಘಕ್ಕೆ ಹಾಸನದಿಂದ ಒಬ್ಬರು ಬಂದಿದ್ದರು. ಒಬ್ಬರಿಗೆ ಜೇನು ಸಾಕುವ ತರಬೇತಿ, ಒಂದು ಪೆಟ್ಟಿಗೆ. ಯಾರಿಗೆ ಎಂದು ಕೇಳಿದಾಗ ಎಲ್ಲರೂ ಅಕ್ಕನ ಕಡೆ ತಿರುಗಿದರು. ಅವಳು ಎದ್ದು ನಿಂತು, "ನನ್ ಕೈಗೆ ಅದು ಒಗ್ಗಲ್ಲ ಸಾ. ನನ್ ತಂಗಿ ಎಸ್ರು ಬರ್ಕಳಿ. ಆರ್ನೇ ಕ್ಲಾಸು ಓದವ್ಳೆ, ನೀವ್ ಏಳಿದ್ದ ಬರ್ಕತಾಳೆ. ನಾನಾದ್ರೆ ಬರೀ ಬಿಸ್ಕತ್ತು ತಿನ್ಕಂಡ್ ಬತ್ತೀನಿ" ಎಂದಳು. ಎಲ್ಲರೂ ನಕ್ಕರು. ಪೆನ್ನು ನನ್ನ ಕೈಗೆ ಬಂತು. ನಾನು ಸಹಿಯನ್ನೂ ಹಾಕಿಬಿಟ್ಟೆ.

ಮನೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ಅಕ್ಕ ಹೇಳಿಕೊಡುತ್ತಿದ್ದಳು. "ಕರಟಕ್ಕೆ ದಿನಾ ನೀರು ನೋಡು. ನನ್ನಂಗೆ ಮರೀಬ್ಯಾಡ. ತುಪ್ಪುಕ್ಕೆ ಆಸೆ ಬೀಳ್ಬ್ಯಾಡ, ಒತ್ತಿಗೆ ಸರ್ಯಾಗಿ ತೆಗ್ದುಬುಡು. ನಾನ್ ಮಾಡಿದ್ದು ನೀನ್ ಮಾಡ್ಬ್ಯಾಡ ಕಣೆ."

ಬದುವಿನ ಹತ್ತಿರ ನಾನು ನಿಂತೆ.

"ಅಕ್ಕ, ನೀನು ನೀರು ತುಂಬ್ಸೇ ಓಗಿದ್ದೆ. ಚೆಲ್ಲಿದ್ದು ನಾನು. ನೀವು ಚನ್ನರಾಯಪಟ್ಟಣಕ್ಕೆ ಓದಾಗ ಪೆಟ್ಗೆನ ನನ್ ವಲಕ್ಕೆ ಎತ್ಕಂಡ್ ಓಗಿದ್ದೆ. ತಿರ್ಗಾ ತರ್ವಾಗ ಇಲ್ಲೇ ಎಡವ್ದೆ."

ಅವಳು ನನ್ನ ಮುಖವನ್ನೇ ನೋಡಿದಳು. ಕೇಳಿದ್ದು ಒಂದೇ ಮಾತು.

"ಅವು ಬಂದಿದ್ವಾ? ಅಳೇ ಜಾಗುಕ್ಕೆ?"

"ಬಂದಿದ್ವು ಕಣಕ್ಕ. ನೀನ್ ಏಳ್ದಂಗೇ."

ಅಕ್ಕ ಬದುವಿನ ಮೇಲೆ ಕೂತುಬಿಟ್ಟಳು. ತನ್ನ ಎರಡೂ ಅಂಗೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಅವನ್ನೇ ನೋಡುತ್ತಿದ್ದಳು. ನಾನು ಅವಳ ಎದುರು ಮಣ್ಣಿನಲ್ಲಿ ಕೂತೆ.

"ತಪ್ಪಾಯ್ತು ಕಣಕ್ಕ. ಎತ್ತಿದ್ದೂ ತಪ್ಪು. ನಿನ್ನ ನೀನೇ ಬೈಕಳಾವಾಗ ಕೇಳುಸ್ಕಂಡು ಸುಮ್ಕಿದ್ನಲ್ಲ, ಅದು ಇನ್ನೂ ದೊಡ್ ತಪ್ಪು. ನನ್ನ ಕ್ಷಮ್ಸು."