ಓಣಿಯ ನಡುವೆ ಆಯಿಯ ಕಂಬಳಿ

ಹಬ್ಬದ ಹೋಳಿಗೆ ರುಚಿಯೇ ಗೊತ್ತಾಗದೆ ನನ್ನ ಗಂಟಲಿಗೆ ಇಳಿದಿದ್ದರೆ ಅದು ಆ ವರ್ಷದ ದಸರೆಯಲ್ಲಿ. ಎಪ್ಪತ್ತರ ದಶಕದ ನಡುವಿನ ಮಾತು. ನವಲಗುಂದದ ನಮ್ಮ ಓಣಿಯಲ್ಲಿ ಎದುರುಬದುರು ಎರಡು ಕಟ್ಟೆ. ಒಂದು ಅಪ್ಪನದು, ಇನ್ನೊಂದು ನನ್ನ ಗೆಳತಿಯ ಅಪ್ಪನದು. ಅವನನ್ನು ನಾನು ಕಾಕಾ ಅನ್ನುತ್ತಿದ್ದೆ. ರಕ್ತಸಂಬಂಧವೇನೂ ಇಲ್ಲ. ಆದರೆ ಆ ಮನೆಯ ಉಪ್ಪಿನಕಾಯಿ ಗಡಿಗೆ ಎಲ್ಲಿದೆಯೆಂದು ನನಗೆ ಗೊತ್ತು, ನಮ್ಮ ಮನೆಯದು ಅವಳಿಗೆ ಗೊತ್ತು.

ಶ್ರಾವಣದಲ್ಲಿ ಅಪ್ಪ ಯಮನೂರಿಗೆ ಹೋಗಿದ್ದ ದಿನ, ಗೆಳತಿಯನ್ನು ನೋಡಲು ವಿಜಾಪುರದ ಕಡೆಯವರು ಹೇಳದೆ ಕೇಳದೆ ಬಂದಿಳಿದರು. ಹುಡುಗ ಹೈಸ್ಕೂಲು ಮಾಸ್ತರ. ನೋಡಿದರು, ಒಪ್ಪಿದರು, ಸಂಜೆಯೊಳಗೆ ಮಾತು ಮುಗಿಸಿ ಎಲೆ-ಅಡಿಕೆಯನ್ನೂ ಹಂಚಿಬಿಟ್ಟರು. ನನ್ನನ್ನು ಬಿಟ್ಟು ಹೆಂಗೆ ಮುಗಿಸಿದರು ಎಂದು ಅಪ್ಪ ಕೂಗಾಡಿದ. ಅಷ್ಟಕ್ಕೇ ನಿಂತಿದ್ದರೆ ನಾಲ್ಕು ದಿನದಲ್ಲಿ ಆರುತ್ತಿತ್ತು. ಈ ಕೂಗಾಟ ಯಾರದೋ ಬಾಯಿಂದ ಕಾಕಾನ ಕಿವಿ ಮುಟ್ಟಿತು. "ಅಂವ ನನಗಿಂತ ಸಣ್ಣಾಂವ, ಅವನ್ನೇನ ಕೇಳೂದೈತಿ" ಎಂದು ಕಾಕಾ ಅಂದುಬಿಟ್ಟ.

ಸಣ್ಣಾಂವ! ಅಪ್ಪನಿಗೆ ಮೈಯೆಲ್ಲ ಉರಿಯಿತು. ಇಬ್ಬರೂ ಒಂದೇ ಮಳೆಗಾಲದಲ್ಲಿ ಹುಟ್ಟಿದವರು. ಯಾರು ಮೊದಲೆಂದು ಬರೆದಿಟ್ಟವರಿಲ್ಲ. ಶಾಲೆಗೆ ಹಾಕುವಾಗ ಮಾಸ್ತರರು ಇಬ್ಬರಿಗೂ ಒಂದೇ ತಾರೀಖು ಕೊಟ್ಟು ಕೈತೊಳೆದುಕೊಂಡಿದ್ದರು. ಅಂದಿನಿಂದ ಮಾತು ಬಂದ್. ಆ ಮನೆಯ ಮದುವೆಗೆ ನಮ್ಮವರು ಯಾರೂ ಕಾಲಿಡಕೂಡದು ಎಂದು ಅಪ್ಪನ ಅಪ್ಪಣೆಯಾಯಿತು. ಮದುವೆ ದೀಪಾವಳಿ ಕಳೆದ ಮೇಲೆ. ಗಂಡ-ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಇಬ್ಬರು ಗಂಡಸರ ಜಗಳದಲ್ಲಿ ಬಡವಾದ ಕೂಸು ನಾನು. ಅವಳ ಕೈಗೆ ಮದರಂಗಿ ಹಚ್ಚುವವಳು ನಾನೇ ಎಂದು ಲಂಗ ಉಡುವ ಕಾಲದಿಂದ ಮಾತಾಗಿತ್ತು.

ನನಗೆ ಉಳಿದಿದ್ದ ಆಸೆ ಬನ್ನಿಯೊಂದೇ. ದಸರೆಯ ಸಂಜೆ ಸಣ್ಣವರು ಹಿರಿಯರ ಮನೆಗೆ ಹೋಗಿ, ಕೈಯಲ್ಲಿ ಬನ್ನಿ ಎಲೆ ಇಟ್ಟು, ಕಾಲು ಮುಟ್ಟಿ, ಬಂಗಾರದಂತೆ ಇರೋಣ ಅಂದರೆ ಮುಗಿಯಿತು. ಎಂಥ ಜಗಳವಿದ್ದರೂ ಬಿಡಲೇಬೇಕು. ಆದರೆ ಸುಡುಗಾಡು ತೊಡಕು ಇದ್ದದ್ದೂ ಅಲ್ಲೇ. ಯಾರು ಎದ್ದು ಹೋದರೂ, ತಾನೇ ಸಣ್ಣವನೆಂದು ಊರೆದುರು ಒಪ್ಪಿಕೊಂಡ ಹಾಗೆ.

ಹಬ್ಬದ ದಿನ ಬೆಳಗಿನ ಬಸ್ಸಿಗೆ ಶಲವಡಿಯಿಂದ ಅತ್ತೆ, ಮಾವ ಬಂದರು. ಅಡುಗೆಮನೆ ತುಂಬ ಮಾತು, ಹೊಗೆ, ಹೂರಣ. ನಾನು ಎರಡು ಹೋಳಿಗೆ ಲಟ್ಟಿಸುವುದು, ಬಾಗಿಲಿಗೆ ಹೋಗಿ ಎದುರು ಕಟ್ಟೆ ನೋಡುವುದು, ಮತ್ತೆ ಒಳಗೆ ಬರುವುದು. ಒಂದು ಹೋಳಿಗೆ ಹೆಂಚಿನ ಮೇಲೆ ಕರಕಾದಾಗ, ಕಾಲಿಗೆ ಗಾಲಿ ಕಟ್ಟಿಕೊಂಡಿದ್ದೀಯೇನು ಎಂದು ಅತ್ತೆ ಬೈದಳು. ಉಂಡಮೇಲೆ ಎರಡೂ ಕಟ್ಟೆಗಳ ಮೇಲೆ ಗೆಳೆಯರ ಗುಂಪು ಕೂತಿತು. ಇಬ್ಬರಿಗೂ ಬೇಕಾದವರು ಪಾಪ, ನಮ್ಮಲ್ಲಿ ಅರ್ಧ ಕಪ್ಪು ಚಹಾ ಕುಡಿದು ಓಣಿ ದಾಟಿ ಅಲ್ಲಿ ಇನ್ನರ್ಧ ಕುಡಿಯುತ್ತಿದ್ದರು. ಅಪ್ಪ ಆಕಾಶ ನೋಡುತ್ತಿದ್ದ, ಕಾಕಾ ತನ್ನ ಚಪ್ಪಲಿ ನೋಡುತ್ತಿದ್ದ. ಎದುರಿನ ಕಿಟಕಿಯ ಸರಳು ಹಿಡಿದುಕೊಂಡು ಗೆಳತಿ ನನ್ನನ್ನೇ ನೋಡುತ್ತಿದ್ದಳು.

ಸಂಜೆ ಬನ್ನಿ ಗಿಡದ ಪೂಜೆ ಮುಗಿಸಿ ಜನ ಕೈತುಂಬ ಎಲೆ ಹಿಡಿದು ಬಂದರು. ಅಪ್ಪನ ಅವ್ವ, ಅಂದರೆ ನಮ್ಮ ಆಯಿ, ಓಣಿಗೆಲ್ಲ ಹಿರಿಯಳು. ಪ್ರತಿವರ್ಷ ಮೊದಲ ಬನ್ನಿ ಆಕೆಗೆ, ಅದನ್ನು ಕೊಡುವವನು ಕಾಕಾ. ಅವನ ಅವ್ವ ಬಾಣಂತನದಲ್ಲಿ ಹಾಸಿಗೆ ಹಿಡಿದಾಗ, ಅಪ್ಪ, ಕಾಕಾ ಎರಡೂ ಕೂಸುಗಳನ್ನು ಕಾಲ ಮೇಲೆ ಹಾಕಿಕೊಂಡು ನೀರೆರೆದು ಬೆಳೆಸಿದ್ದು ಆಯಿಯೇ. ಈ ವರ್ಷ ಕಾಕಾ ಎಲೆ ಹಿಡಿದು ನಮ್ಮ ಮನೆಯ ಕಡೆ ಎರಡು ಹೆಜ್ಜೆ ಇಟ್ಟ. ಕಟ್ಟೆಯ ಮೇಲಿದ್ದ ಅಪ್ಪನನ್ನು ಕಂಡು ತಿರುಗಿ ಹೋಗಿ ಕೂತ. ನನಗೆ ಅಳು, ಸಿಟ್ಟು ಎರಡೂ ಬಂದವು. ಒಳಗೆ ಹೋಗಿ ಆಯಿಯ ಮುಂದೆ ಬಡಬಡನೆ ಎಲ್ಲ ಹೇಳಿ, ನಿನಗಾದರೂ ಗೊತ್ತಿರಬೇಕಲ್ಲ, ಯಾರು ಸಣ್ಣವನೆಂದು ಹೇಳಿಬಿಡು ಎಂದೆ.

ಆಯಿ ಗೋಡೆ ಹಿಡಿದು ಎದ್ದಳು. ಕಂಬಳಿ ತಗೋ, ನನ್ನ ಕೈ ಹಿಡಿ ಅಂದಳು. ಮೆಲ್ಲಗೆ ಕಟ್ಟೆ ಇಳಿದು, ಎರಡು ಮನೆಗಳ ನಟ್ಟನಡುವೆ ಕಂಬಳಿ ಹಾಸಿಸಿ, ಕಾಲು ಚಾಚಿ ಕೂತಳು. ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ, ನೋಡಿ, ಇಳಿದು ತಳ್ಳಿಕೊಂಡು ಹೋದ.

"ಇಬ್ರೂ ಕೇಳ್ರಿಲೇ," ಅಂದಳು ಆಯಿ. "ಈ ವರ್ಷ ನಾ ಯಾರ ಮನ್ಯಾಗೂ ಬನ್ನಿ ತಗೊಳ್ಳೂದಿಲ್ಲ. ನಾ ಎರದ ಮಕ್ಳು ಯಾರರೆ ಇದ್ರ, ಇಲ್ಲೇ ಬಂದು ಕೊಡ್ರಿ."

ಮೊದಲು ಯಾರು ಎದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಇಬ್ಬರೂ ಬಂದರು, ಇಬ್ಬರೂ ಬಗ್ಗಿದರು, ಒಬ್ಬೊಬ್ಬರು ಒಂದೊಂದು ಕಾಲು ಮುಟ್ಟಿದರು. ಆಯಿ ಇಬ್ಬರ ಎಲೆಗಳನ್ನೂ ತಗೊಂಡು, ಕಾಕಾನದನ್ನು ಅಪ್ಪನ ಕೈಗೆ, ಅಪ್ಪನದನ್ನು ಕಾಕಾನ ಕೈಗೆ ಹಾಕಿ ಮುಷ್ಟಿ ಮುಚ್ಚಿದಳು.

"ಚಪ್ಪರ ಎಲ್ಲಿತನಾ ಹಾಕಾಂವ?" ಎಂದು ಅಪ್ಪ ನೆಲ ನೋಡುತ್ತಲೇ ಕೇಳಿದ.

"ನಿನ್ನ ಕಟ್ಟಿತನಾ," ಅಂದ ಕಾಕಾ.

ಆಯಿಯನ್ನು ಒಳಗೆ ಕರೆದೊಯ್ಯುವಾಗ ಮತ್ತೆ ಕೇಳಿದೆ. ನಿಮ್ಮಪ್ಪನೇ ಸಣ್ಣವ, ಒಂದು ಸಂತೆ, ಒಂದು ವಾರ ಹಿಂದೆ-ಮುಂದೆ ಅಷ್ಟೇ ಎಂದು ಪಿಸುಗುಟ್ಟಿದಳು. ಹೇಳಿದ್ದರೆ ಇನ್ನೂ ಬಿಗಿದುಕೊಂಡು ಕೂರುತ್ತಿದ್ದನಂತೆ. ನಾನು ಕೇಳಿಸಿಕೊಂಡೆನೋ ಇಲ್ಲವೋ, ಎದುರು ಮನೆಗೆ ಓಡಿದೆ.

ಗೆಳತಿ ನಡುಮನೆಯಲ್ಲೇ ನಿಂತಿದ್ದಳು. ನನಗೆಂದು ಸೆರಗಿನ ತುದಿಯಲ್ಲಿ ಕಟ್ಟಿಟ್ಟುಕೊಂಡಿದ್ದ ಬನ್ನಿ ಬಾಡಿತ್ತು. ಗಂಟು ಬಿಚ್ಚಿ ನನ್ನ ಕೈಯಲ್ಲಿಟ್ಟಳು. ಮದುವೆಗೆ ಬರುತ್ತೇನೆ, ಮದರಂಗಿ ನಾನೇ ಹಚ್ಚುವುದು ಎಂದು ನಾನು ಒಂದೇ ಸಮನೆ ಹೇಳುತ್ತಿದ್ದೆ. ಅವಳು ನಗುತ್ತಿದ್ದಳು. ಆಮೇಲೆ ನನ್ನ ಕೈ ಬಿಡದೆ ಕೇಳಿದಳು.

"ಮುಂದಿನ ವರ್ಷ ಬನ್ನಿ ಯಾರ ಕೈಯಾಗ ಕೊಡ್ಲಿ?"

ಮದುವೆಗೆ ಹೋಗಬೇಕು ಎಂದು ದಿನವೆಲ್ಲ ಒಳಗೂ ಹೊರಗೂ ಓಡಾಡಿದವಳಿಗೆ, ಮದುವೆಯಾದರೆ ಅವಳು ಹೋಗುತ್ತಾಳೆ ಎಂಬುದು ಹೊಳೆದೇ ಇರಲಿಲ್ಲ. ವಿಜಾಪುರ ಎಷ್ಟು ದೂರವೆಂದು ನಾನು ಯಾರನ್ನೂ ಕೇಳಿಯೂ ಇರಲಿಲ್ಲ. ಇಬ್ಬರೂ ಅಲ್ಲೇ ಗೋಡೆಗೆ ಒರಗಿ ಅತ್ತೆವು. ಹೊರಗೆ ಅಪ್ಪ ಮತ್ತು ಕಾಕಾ, ಚಪ್ಪರಕ್ಕೆ ಎಷ್ಟು ಗಳ ಬೇಕೆಂದು ಆಗಲೇ ಜಗಳ ಶುರುಮಾಡಿದ್ದರು.