ತೌವು ಒಯ್ದ ಆಕ್ಸಲ್

ಸೆಮಿಸಿ ಹಳೆಯ ಆಕ್ಸಲ್ ಒಂದನ್ನು ತಂದ ಹಾಗೇ ಲಾರಿಗೆ ಕೂರಿಸಿದ್ದನ್ನು ರಾಕಿರಾಕಿಯಲ್ಲಿ ಯಾರೂ ಕಂಡಿಲ್ಲ. ಗುಜರಿಯಿಂದ ಬಂದದ್ದನ್ನು ಮೊದಲು ಪೂರ್ತಿ ಬಿಚ್ಚುತ್ತಾನೆ. ಸೀಮೆಎಣ್ಣೆಯಲ್ಲಿ ತೊಳೆಯುತ್ತಾನೆ. ಬೇರಿಂಗನ್ನು ಕಿವಿಯ ಬಳಿ ಹಿಡಿದು ತಿರುಗಿಸಿ, ಕಣ್ಣು ಮುಚ್ಚಿ ಕೇಳುತ್ತಾನೆ. "ನನ್ನ ಮಾತನ್ನ ಹೀಗೆ ಒಂದಿನಾನೂ ಕೇಳಿಲ್ಲ" ಎಂದು ಹೆಂಡತಿ ಲಿತಿಯಾ ನೆಂಟರ ಮುಂದೆ ಹೇಳುವುದುಂಟು. ಅದನ್ನೂ ಅವನು ಕೇಳಿಸಿಕೊಂಡಿರುವುದಿಲ್ಲ.

ಕಬ್ಬು ಸಾಗಿಸುವ ಆ ಸುಗ್ಗಿಯಲ್ಲಿ ಅವನೊಂದು ಆಕ್ಸಲ್ ಸಿದ್ಧಮಾಡುತ್ತಿದ್ದ. ಸೀಲು ಹೊಸದು, ಗ್ರೀಸು ಹೊಸದು. ಬ್ರೇಕ್ ಶೂಗಳಿಗೆ ಲೈನರ್ ಬಡಿಯುವುದಷ್ಟೇ ಬಾಕಿ. ಅದಕ್ಕೆ ರಿವೆಟ್ ಇರಲಿಲ್ಲ. ಒಳಗೆ ಧೂಳು ಹೋಗಬಾರದೆಂದು, ಶೂ ಕೂರಬೇಕಾದ ಡ್ರಮ್ಮುಗಳನ್ನು ಖಾಲಿಯಾಗಿಯೇ ಮುಚ್ಚಿದ. ಕೈ ಸುಮ್ಮನಿರಲಾರದೆ ಮೇಲೆ ಕಪ್ಪು ಬಣ್ಣವನ್ನೂ ಬಳಿದು, ರಿವೆಟ್ ತರಲು ಪೇಟೆಯ ಬಸ್ಸು ಹತ್ತಿದ.

ಸಂಜೆ ಬಂದು ನೋಡಿದರೆ ಶೂಗಳು ಮೇಜಿನ ಮೇಲಿದ್ದವು, ಆಕ್ಸಲ್ ಇರಲಿಲ್ಲ.

"ನಿನ್ನ ತೌವು ಬಂದಿದ್ದ," ಎಂದಳು ಲಿತಿಯಾ. "ನಾಲ್ಕು ಜನಾನ ಕರ್ಕೊಂಡು. ಹೋಗ್ತಾ ಒಲೆ ಮೇಲಿದ್ದ ಕೆಸುವಿನ ಗೆಡ್ಡೇನೂ ತಗೊಂಡು ಹೋದ."

ತೌವು ಎಂದರೆ ಅಪೊರೋಸ, ಗುಡ್ಡದ ಮೇಲಿನ ಊರಿನ ಲಾರಿಯವನು. ಎರಡೂ ಊರಿಗೆ ಮೂಲದೈವ ಒಂದೇ; ಅಂಥ ಊರಿನವರು ಒಬ್ಬರಿಗೊಬ್ಬರು ತೌವು. ಹಾಗಾಗಿ ಈ ಊರವರು ಆ ಊರವರನ್ನು, ಆ ಊರವರು ಈ ಊರವರನ್ನು ಬಾಯಿಗೆ ಬಂದಂತೆ ಬೈಯಬಹುದು, ಕಣ್ಣಿಗೆ ಬಿದ್ದದ್ದನ್ನು ಎತ್ತಿಕೊಂಡು ಹೋಗಬಹುದು. ಕಳೆದುಕೊಂಡವನು ನಗಬೇಕು. ವಾಪಸ್ ಕೇಳುವ ಹಾಗಿಲ್ಲ.

ಸೆಮಿಸಿಗೆ ಆಕ್ಸಲ್ ವಾಪಸ್ ಬೇಕಿರಲಿಲ್ಲ. ಆದರೆ ಮರುದಿನ ಅಪೊರೋಸ ಕಬ್ಬು ಹೇರಿಕೊಂಡು ಗುಡ್ಡ ಇಳಿಯುವವನಿದ್ದ, ಹಿಂದಿನ ಚಕ್ರಗಳಿಗೆ ಬ್ರೇಕೇ ಇಲ್ಲದೆ. ಸೆಮಿಸಿ ಆ ಸಂಜೆಯೇ ಗುಡ್ಡ ಹತ್ತಿ ಹೋದ.

ಅಷ್ಟರಲ್ಲಿ ಆಕ್ಸಲ್ ಕೂರಿಸಿಯಾಗಿತ್ತು. ಗೆದ್ದವರೆಲ್ಲ ಯಾಂಗೋನಾ ಬೇರಿನ ಪಾನೀಯದ ಬೋಗುಣಿಯ ಸುತ್ತ ಕೂತಿದ್ದರು.

"ಬಾರೋ ಗ್ರೀಸು ಮೂತಿ," ಎಂದ ಅಪೊರೋಸ. "ಅಳೋಕೆ ಬಂದ್ಯಾ?"

"ಆ ಡ್ರಮ್ಮೊಳಗೆ ಏನೂ ಇಲ್ಲ, ತೌವು. ಶೂ ನಮ್ಮನೆ ಮೇಜಿನ ಮೇಲಿದೆ."

ಎಲ್ಲರೂ ನೆಲ ಬಡಿದು ನಕ್ಕರು.

"ಅಬ್ಬಾ, ಎಂಥಾ ಉಪಾಯ ಹುಡುಕಿದೀಯ. ಬಣ್ಣ ಹೊಡೆದಿಟ್ಟು, ಕೆಲಸ ಮುಗಿದಿಲ್ಲ ಅಂತೀಯ? ನೀನು?"

"ಒಂದು ಚಕ್ರ ಬಿಚ್ಚಿ ನೋಡು."

"ನಾನು ಬಿಚ್ಚಬೇಕು, ನೀನು ಹೊತ್ಕೊಂಡು ಓಡಬೇಕು. ನಮ್ಮಜ್ಜ ಅಷ್ಟು ದಡ್ಡನ್ನ ಹುಟ್ಟಿಸಿಲ್ಲ."

ತೌವುಗಳ ನಡುವೆ ನಿಜ ಹೇಳಿದರೆ ನಂಬುವವರಾರು? ಅವರು ತೆಂಗಿನ ಚಿಪ್ಪಿನಲ್ಲಿ ಕೊಟ್ಟ ಯಾಂಗೋನಾವನ್ನು ಸೆಮಿಸಿ ಕುಡಿದು, ವಾಡಿಕೆಯಂತೆ ಚಪ್ಪಾಳೆ ತಟ್ಟಿ, ಎದ್ದ. ಅಂಗಳದಲ್ಲಿ ಲಾರಿ ನಿಂತಿತ್ತು, ಕೀ ಅದರಲ್ಲೇ ಇತ್ತು. ಅವನು ಹತ್ತಿ ಕೂತ.

ಅಪೊರೋಸ ಬೊಬ್ಬೆ ಹಾಕುತ್ತ ಬಂದ. ಬಂದವನು ನಗಲೇಬೇಕಾಯಿತು, ಊರೆಲ್ಲ ನೋಡುತ್ತಿತ್ತು. ಖಾಲಿ ಲಾರಿಯನ್ನು ಸೆಮಿಸಿ ಮೊದಲನೇ ಗೇರಿನಲ್ಲಿ ಎಷ್ಟು ನಿಧಾನವಾಗಿ ಇಳಿಸಿದನೆಂದರೆ, ಅಪೊರೋಸ ಪಕ್ಕದಲ್ಲೇ ನಡೆಯುತ್ತ ದಾರಿಯುದ್ದಕ್ಕೂ ಅವನ ಮೂರು ತಲೆಮಾರನ್ನು ಬೈದು ಮುಗಿಸಿದ.

ಮರುದಿನ ತನ್ನ ಶೆಡ್ಡಿನಲ್ಲಿ ಸೆಮಿಸಿ ಡ್ರಮ್ ಎಳೆದ. ಅಪೊರೋಸ ಬಗ್ಗಿ ಒಳಗೆ ನೋಡಿದ. ಕೈ ಹಾಕಿ ತಡವಿದ; ಏನೂ ಸಿಗಲಿಲ್ಲ.

"ಹೇಳಬಾರ್ದಿತ್ತೇನೋ?"

"ಹೇಳ್ದೆ."

"ಜೋರಾಗಿ ಹೇಳ್ಬೇಕಿತ್ತು," ಎಂದು ಅವನು ನೆಲದ ಮೇಲೆ ಕೂತುಬಿಟ್ಟ. ಆಮೇಲೆ ತಾನಾಗಿಯೇ ರಿವೆಟ್ಟುಗಳನ್ನು ಒಂದೊಂದಾಗಿ ಎತ್ತಿ ಕೊಡತೊಡಗಿದ.

ಕಬ್ಬಿನ ಮೊದಲ ಹೇರು ಇಳಿಯುವಾಗ ಸೆಮಿಸಿ ಪಕ್ಕದಲ್ಲಿ ಕೂತಿದ್ದ. ಗುಡ್ಡದ ನಡುವೆ, ಇಳಿಜಾರು ಕಡಿದಾಗಿರುವಲ್ಲಿ, ಅಪೊರೋಸ ಉಸಿರು ಹಿಡಿದು ಬ್ರೇಕ್ ಒತ್ತಿದ. ಲಾರಿ ನಿಂತಿತು.

"ನಿಂತಿತು," ಎಂದ ಮೆಲ್ಲಗೆ.

"ಸ್ವಲ್ಪ ಮುಂದೆ ಹೋಗಿ ಇನ್ನೊಂದ್ಸಲ ಒತ್ತು," ಎಂದು ಸೆಮಿಸಿ ಕಿಟಕಿಯಿಂದ ತಲೆ ಹೊರಹಾಕಿ, ಕಣ್ಣು ಮುಚ್ಚಿ ಹಿಂದಿನ ಚಕ್ರಕ್ಕೆ ಕಿವಿಗೊಟ್ಟ. ಬೆನ್ನ ಹಿಂದೆ ಸಾಲುಗಟ್ಟಿದ ಲಾರಿಗಳು ಹಾರನ್ ಹೊಡೆಯುತ್ತಿದ್ದವು. ಅವನಿಗೆ ಕೇಳಿಸಲಿಲ್ಲ.